‘ಯಾಕೆ’ ಅನ್ನುವ ಕಾಲಂ ಖಾಲಿ ಇದ್ದರೆ ಕಾರ್ಖಾನೆ ಏನೇನು ಕಳೆದುಕೊಳ್ಳುತ್ತದೆ

ತಾವೇ ಹದಿನಾಲ್ಕು ವರ್ಷ ಮಾಡಿದ್ದ ಒಂದು ವಸ್ತುವನ್ನು ಮತ್ತೆ ಮಾಡಲು ಹೋಗಿ ಕೈಸೋತವರ ಕಥೆ ಇದು. ವಸ್ತುವಿನ ಹೆಸರು ಫಾಗ್‌ಬ್ಯಾಂಕ್. ಅದು ಏನು ಅನ್ನುವುದು ಇವತ್ತಿಗೂ ರಹಸ್ಯ, ಹೆಸರು ಕೂಡ ಗುಪ್ತನಾಮವೇ. ಅಮೆರಿಕದ ಡಬ್ಲ್ಯು76 ಎಂಬ ಅಣ್ವಸ್ತ್ರ ಸಿಡಿತಲೆಯ ಒಳಗೆ ಅದು ಬೇಕು. 1975ರಿಂದ 1989ರವರೆಗೆ ಟೆನೆಸ್ಸಿ ರಾಜ್ಯದ ಓಕ್ ರಿಜ್‌ನಲ್ಲಿ ಅದನ್ನು ತಯಾರಿಸಿದರು, ಬೇಕಾದಷ್ಟು ಆಯಿತು, ನಿಲ್ಲಿಸಿದರು, ಆಮೇಲೆ ಆ ಘಟಕವನ್ನೂ ಕಳಚಿಹಾಕಿದರು. 2000ದ ಹೊತ್ತಿಗೆ ಹಳೆಯ ಸಿಡಿತಲೆಗಳ ಆಯಸ್ಸು ಹೆಚ್ಚಿಸಬೇಕು ಅಂತ ತೀರ್ಮಾನವಾಯಿತು. ಫಾಗ್‌ಬ್ಯಾಂಕ್ ಮತ್ತೆ ಬೇಕಾಯಿತು. ಹುಡುಕಿದರೆ ದಾಖಲೆ ಅಷ್ಟಕ್ಕಷ್ಟೇ. ಕೆಲಸ ಗೊತ್ತಿದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರೂ ನಿವೃತ್ತರಾಗಿದ್ದರು ಅಥವಾ ಬಿಟ್ಟು ಹೋಗಿದ್ದರು.

ಹೊಸ ಘಟಕ ಕಟ್ಟಿದರು. ಇದ್ದ ಕಾಗದ ಹಿಡಿದುಕೊಂಡು ಹಳೆಯ ವಿಧಾನವನ್ನೇ ನಡೆಸಿದರು. ವಸ್ತು ಬಂತು, ಸರಿಯಾಗಿ ಬರಲಿಲ್ಲ. ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಮೇಲೆ ಸಿಕ್ಕ ಕಾರಣ ನೋಡಿ: ಹಳೆಯ ಕಾಲದ ಕಚ್ಚಾ ವಸ್ತುವಿನಲ್ಲಿ ಒಂದು ಕಲ್ಮಶ ಉಳಿದುಕೊಳ್ಳುತ್ತಿತ್ತು, ಫಾಗ್‌ಬ್ಯಾಂಕ್‌ಗೆ ಬೇಕಾದ ಗುಣ ಬರುತ್ತಿದ್ದದ್ದೇ ಅದರಿಂದ. ಹೊಸ ಘಟಕದಲ್ಲಿ ಶುದ್ಧ ಮಾಡುವ ವಿಧಾನ ಚೆನ್ನಾಗಿತ್ತು, ಹಾಗಾಗಿ ಆ ಕಲ್ಮಶ ಹೊರಟುಹೋಗುತ್ತಿತ್ತು. ಕೆಲಸ ಹಿಂದಿಗಿಂತ ಅಚ್ಚುಕಟ್ಟಾಗಿ ಮಾಡಿದ್ದಕ್ಕೇ ಕೆಟ್ಟಿತು ಅನ್ನಿ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಕಚೇರಿ 2009ರಲ್ಲಿ ಕೊಟ್ಟ ವರದಿಯಲ್ಲಿ ಇದರ ಲೆಕ್ಕ ಇದೆ: 6.9 ಕೋಟಿ ಡಾಲರ್, ಕಡಿಮೆ ಅಂದರೂ ಒಂದು ವರ್ಷದ ವಿಳಂಬ.

ಈ ಕಥೆ ಹೇಳುವವರು ಸಾಮಾನ್ಯವಾಗಿ ‘ಬರೆದಿಡಬೇಕಿತ್ತು’ ಅಂತ ಮುಗಿಸುತ್ತಾರೆ. ನನಗೆ ಅದು ಸಾಲದು ಅನಿಸುತ್ತದೆ. ಹಳಬರಿಗೇ ಆ ಕಲ್ಮಶದ ವಿಷಯ ಗೊತ್ತಿರಲಿಲ್ಲವಲ್ಲ! ಅವರು ತಮಗೆ ಗೊತ್ತಿದ್ದ ಪ್ರತಿಯೊಂದು ಹೆಜ್ಜೆಯನ್ನು ಬರೆದಿಟ್ಟಿದ್ದರೂ ಆ ಕಲ್ಮಶ ಆ ಹಾಳೆಯಲ್ಲಿ ಇರುತ್ತಿರಲಿಲ್ಲ. ‘ಹೇಗೆ’ ಮಾಡಬೇಕು ಅನ್ನುವುದು ಅವರ ಹತ್ತಿರ ಇತ್ತು. ‘ಹಾಗೆ ಮಾಡಿದರೆ ಯಾಕೆ ಸರಿಬರುತ್ತದೆ’ ಅನ್ನುವುದು ಇರಲಿಲ್ಲ. ತಯಾರಿಕಾ ಕಂಪನಿಗಳು ‘ಜ್ಞಾನ ನಿರ್ವಹಣೆ’ ಅಂತ ದೊಡ್ಡ ಹೆಸರಿಟ್ಟುಕೊಂಡು ಸಾಫ್ಟ್‌ವೇರ್ ಕೊಳ್ಳುವಾಗ ತಪ್ಪುವುದು ಇದೇ ಜಾಗದಲ್ಲಿ. ಹೆಜ್ಜೆಗಳನ್ನು ಕೂಡಿಡುತ್ತಾರೆ, ಕಾರಣಗಳನ್ನು ಬಿಟ್ಟುಬಿಡುತ್ತಾರೆ.

ಇದು ಈಗ ಯಾಕೆ ಇಷ್ಟು ಚರ್ಚೆಗೆ ಬಂದಿದೆ ಅಂದರೆ ಎರಡು ಸಂಗತಿ ಒಟ್ಟಿಗೆ ನಡೆಯುತ್ತಿವೆ. ಹಲವು ದೇಶಗಳಲ್ಲಿ ಮೂವತ್ತು ನಲವತ್ತು ವರ್ಷ ಯಂತ್ರದ ಮುಂದೆ ನಿಂತವರು ನಿವೃತ್ತರಾಗುತ್ತಿದ್ದಾರೆ, ಅವರ ಜಾಗಕ್ಕೆ ಬರುವವರು ಅಷ್ಟು ವರ್ಷ ಒಂದೇ ಕಡೆ ಇರುವುದಿಲ್ಲ. ಇನ್ನೊಂದು ಕಡೆ, ‘ನಿಮ್ಮ ಕಡತಗಳನ್ನೆಲ್ಲ ಕೊಡಿ, ನಮ್ಮ ಎಐ ಉತ್ತರ ಹೇಳುತ್ತದೆ’ ಅಂತ ಮಾರಾಟಗಾರರು ಬಾಗಿಲು ತಟ್ಟುತ್ತಿದ್ದಾರೆ. ಹೋಗುತ್ತಿರುವವರ ತಲೆಯಲ್ಲಿ ಇರುವುದನ್ನು ಈ ಯಂತ್ರಕ್ಕೆ ತುಂಬಿಬಿಟ್ಟರೆ ಆಯಿತು, ಅಲ್ವಾ? ಕೇಳಲು ಚೆನ್ನಾಗಿದೆ. ಅಲ್ಲಿಗೆ ಬರುವ ಮೊದಲು ದುಡ್ಡಿನ ಮಾತಾಡೋಣ.

ಮರೆವಿಗೂ ಒಂದು ಬೆಲೆ ಇದೆ

ವಿಮಾನ ಎಂಜಿನಿಯರ್ ಟಿ.ಪಿ. ರೈಟ್ 1936ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಒಟ್ಟು ತಯಾರಿಸಿದ ವಿಮಾನಗಳ ಸಂಖ್ಯೆ ದುಪ್ಪಟ್ಟಾದಾಗಲೆಲ್ಲ ಒಂದು ವಿಮಾನಕ್ಕೆ ಬೇಕಾಗುವ ಕೂಲಿ ಸಮಯ ಸುಮಾರು 20 ಶೇಕಡಾ ಇಳಿಯುತ್ತದೆ ಅಂತ. ಹತ್ತನೆಯದಕ್ಕೆ 100 ಗಂಟೆ ಹಿಡಿದರೆ ಇಪ್ಪತ್ತನೆಯದಕ್ಕೆ 80, ನಲವತ್ತನೆಯದಕ್ಕೆ 64. ಇದಕ್ಕೆ ಕಲಿಕೆಯ ರೇಖೆ ಅನ್ನುತ್ತಾರೆ. ಎಲ್ಲ ಕಡೆ ಇದೇ 20 ಬರುವುದಿಲ್ಲ, ಕೆಲಸಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ಆದರೆ ಇಳಿಯುತ್ತದೆ ಅನ್ನುವುದು ಬೇರೆ ಬೇರೆ ಉದ್ಯಮಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಹೊಸ ಯಂತ್ರ ಕೊಳ್ಳದೆ, ಜನ ಹೆಚ್ಚಿಸದೆ, ಬರೀ ಮಾಡಿ ಮಾಡಿ ಕಲಿತದ್ದರಿಂದ ಬಂದ ಉಳಿತಾಯ ಇದು. ಕಾರ್ಖಾನೆಯಲ್ಲಿ ತಿಳಿವಳಿಕೆಗೆ ಬೆಲೆ ಕಟ್ಟುವುದು ಹೇಗೆ ಅಂತ ಕೇಳುವವರಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಗೊತ್ತಿಲ್ಲ.

ತೊಂದರೆ ಏನು ಅಂದರೆ ಈ ರೇಖೆ ಮೇಲಕ್ಕೂ ಹೋಗುತ್ತದೆ. ಲಾಕ್‌ಹೀಡ್ ಕಂಪನಿ 1970ರ ದಶಕದಲ್ಲಿ ಎಲ್-1011 ಟ್ರೈಸ್ಟಾರ್ ಎಂಬ ಪ್ರಯಾಣಿಕರ ವಿಮಾನ ತಯಾರಿಸುತ್ತಿತ್ತು. ಬೇಡಿಕೆ ಕುಸಿದಾಗ ಉತ್ಪಾದನೆ ಬಹಳ ಇಳಿಸಿತು. ಜನ ಕೆಲಸ ಬಿಟ್ಟರು, ಬೇರೆ ವಿಭಾಗಗಳಿಗೆ ಚದುರಿದರು. ಮತ್ತೆ ಉತ್ಪಾದನೆ ಹೆಚ್ಚಿಸಲು ಹೋದಾಗ ಒಂದೊಂದು ವಿಮಾನಕ್ಕೆ ಹಿಡಿಯುವ ಕೂಲಿ ಸಮಯ ಹಿಂದಿನ ಮಟ್ಟಕ್ಕೆ ಇಳಿಯಲೇ ಇಲ್ಲ. ಅರ್ಥಶಾಸ್ತ್ರಜ್ಞ ಲೇನಿಯರ್ ಬೆಂಕರ್ಡ್ 2000ದಲ್ಲಿ ಈ ಅಂಕಿಗಳನ್ನು ಹಿಡಿದು ತೋರಿಸಿದ್ದು ಇದನ್ನೇ: ಕಂಪನಿಗಳು ಕಲಿಯುವ ಹಾಗೆಯೇ ಮರೆಯುತ್ತವೆ ಕೂಡ, ಅದೂ ಬೇಗ. 250 ವಿಮಾನ ಮಾಡಿ ಲಾಕ್‌ಹೀಡ್ ಪ್ರಯಾಣಿಕರ ವಿಮಾನದ ವ್ಯಾಪಾರದಿಂದಲೇ ಹೊರಬಂತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಎಲ್ಲವನ್ನೂ ಮರೆವಿನ ತಲೆಗೆ ಕಟ್ಟಬೇಕಿಲ್ಲ.

ಇಷ್ಟು ದೊಡ್ಡ ಮಟ್ಟಕ್ಕೆ ಹೋಗಬೇಕಾಗಿಯೂ ಇಲ್ಲ. ಯಾವ ಕಾರ್ಖಾನೆಯ ಬ್ರೇಕ್‌ಡೌನ್ ರಿಜಿಸ್ಟರ್ ತೆಗೆದು ನೋಡಿದರೂ ಅದೇ ಯಂತ್ರ, ಅದೇ ತೊಂದರೆ, ಎಂಟು ತಿಂಗಳ ಹಿಂದೆ ಬೇರೆ ಶಿಫ್ಟಿನವರು ಸರಿಮಾಡಿದ್ದು, ಈಗ ಈ ಶಿಫ್ಟಿನವರು ಮೊದಲಿನಿಂದ ಹುಡುಕುತ್ತಿರುವುದು ಕಾಣಿಸುತ್ತದೆ. ಆ ಎಂಟು ತಿಂಗಳ ಹಿಂದಿನ ಸಾಲಿನಲ್ಲಿ ಏನು ಬರೆದಿರುತ್ತದೆ ಗೊತ್ತಾ? ‘ಅಟೆಂಡ್ ಮಾಡಲಾಗಿದೆ, ಓಕೆ.’ ಅಷ್ಟೇ. ಲೈನ್ ನಿಂತ ಗಂಟೆಗಳು, ಮಾಡೆಲ್ ಬದಲಿಸಿದ ಮೇಲೆ ಸೆಟ್ಟಿಂಗ್ ಕೂರುವವರೆಗೆ ಸ್ಕ್ರ್ಯಾಪ್‌ಗೆ ಹೋದ ಪೀಸ್‌ಗಳು, ಒಂದು ಪ್ಲಾಂಟ್‌ನಲ್ಲಿ ಬಗೆಹರಿದ ದೋಷ ಇನ್ನೊಂದು ಪ್ಲಾಂಟ್‌ನಲ್ಲಿ ಗ್ರಾಹಕರ ದೂರಾಗಿ ಬರುವುದು, ಇವೆಲ್ಲ ಲೆಕ್ಕದ ಪುಸ್ತಕದಲ್ಲಿ ಬೇರೆ ಬೇರೆ ಹೆಸರಿನ ಖರ್ಚಾಗಿ ಕೂತಿರುತ್ತವೆ. ‘ಮರೆತದ್ದಕ್ಕೆ ತೆತ್ತದ್ದು’ ಅನ್ನುವ ಹೆಸರಿನ ಖಾತೆ ಯಾರೂ ಇಡುವುದಿಲ್ಲ. ಅದಕ್ಕೇ ಆಡಳಿತದವರ ಕಣ್ಣಿಗೆ ಅದು ಬೀಳುವುದೂ ಇಲ್ಲ.

ಬಾಯಿಗೆ ಬಾರದ್ದು, ಕೈಗೆ ಗೊತ್ತಿರುವುದು

ವಿಜ್ಞಾನಿಯಾಗಿದ್ದು ಆಮೇಲೆ ತತ್ತ್ವಶಾಸ್ತ್ರಕ್ಕೆ ತಿರುಗಿದ ಮೈಕೆಲ್ ಪೊಲಾನಿ 1960ರ ದಶಕದಲ್ಲಿ ಒಂದು ಮಾತು ಹೇಳಿದರು: ನಮಗೆ ಹೇಳಲು ಆಗುವುದಕ್ಕಿಂತ ಜಾಸ್ತಿ ನಮಗೆ ಗೊತ್ತಿರುತ್ತದೆ. ಸೈಕಲ್ ಹೊಡೆಯುವವರನ್ನು ಕೇಳಿ, ಬೀಳದೆ ಹೇಗೆ ಹೊಡೆಯುತ್ತೀರಿ ಅಂತ. ಬಿಡಿಸಿ ಹೇಳಲು ಆಗುವುದಿಲ್ಲ. ಹಳೆಯ ಫಿಟ್ಟರ್ ಯಂತ್ರದ ಸದ್ದು ಕೇಳಿ ‘ಇದರ ಬೇರಿಂಗ್ ಹೋಗ್ತಾ ಇದೆ’ ಅನ್ನುವುದೂ ಹಾಗೇ.

ಇದು ಬರೀ ತತ್ತ್ವದ ಮಾತಲ್ಲ ಅನ್ನುವುದಕ್ಕೆ ಒಳ್ಳೆಯ ಪುರಾವೆ ಇದೆ. ಹ್ಯಾರಿ ಕಾಲಿನ್ಸ್ ಎಂಬ ಸಮಾಜಶಾಸ್ತ್ರಜ್ಞ ಬ್ರಿಟನ್ನಿನ ಪ್ರಯೋಗಾಲಯಗಳು ಟಿಇಎ ಎಂಬ ಬಗೆಯ ಲೇಸರ್ ಕಟ್ಟುವುದನ್ನು ಹಿಂಬಾಲಿಸಿ ನೋಡಿ 1974ರಲ್ಲಿ ಬರೆದರು. ಲೇಸರ್ ಬಗ್ಗೆ ಲೇಖನಗಳು ಪ್ರಕಟವಾಗಿದ್ದವು, ಓದುವವರು ವಿಜ್ಞಾನಿಗಳೇ. ಆದರೂ ಬರೀ ಓದಿ ಕಟ್ಟಿದವರಲ್ಲಿ ಒಬ್ಬರ ಲೇಸರ್ ಕೂಡ ಕೆಲಸ ಮಾಡಲಿಲ್ಲ. ಕಟ್ಟಿ ಗೆದ್ದವರ ಜೊತೆ ಒಡನಾಡಿದವರಿಗೆ ಮಾತ್ರ ಬಂತು. ಇನ್ನೂ ಸ್ವಾರಸ್ಯದ್ದು ಇದು: ತಾನೇ ಲೇಸರ್ ಕಟ್ಟಿರದ, ಬರೀ ಮಧ್ಯದಲ್ಲಿ ವಿಷಯ ದಾಟಿಸುವ ವ್ಯಕ್ತಿಯಿಂದ ಕಲಿತವರೂ ಸೋತರು. ತರಬೇತಿ ವಿಭಾಗದಲ್ಲಿ ಯಂತ್ರ ಮುಟ್ಟಿರದವರು ಸ್ಲೈಡ್ ಇಟ್ಟುಕೊಂಡು ಆಪರೇಟರ್‌ಗಳಿಗೆ ಪಾಠ ಮಾಡುವುದನ್ನು ನೋಡಿದಾಗಲೆಲ್ಲ ನನಗೆ ಈ ಲೇಸರ್ ನೆನಪಾಗುತ್ತದೆ.

ಹಾಗಾದರೆ ಕೈಯಲ್ಲಿರುವುದನ್ನು ಹೊರಗೆ ತೆಗೆಯಲು ಆಗುವುದೇ ಇಲ್ಲವಾ? ಆಗುತ್ತದೆ, ಕಷ್ಟಪಟ್ಟರೆ. ಜಪಾನಿನ ಮತ್ಸುಶಿತಾ ಕಂಪನಿ 1980ರ ದಶಕದಲ್ಲಿ ಮನೆಯಲ್ಲಿ ಬ್ರೆಡ್ ಮಾಡುವ ಯಂತ್ರ ತಯಾರಿಸಲು ಹೊರಟಾಗ ಹಿಟ್ಟು ಸರಿಯಾಗಿ ನಾದುವುದೇ ಬರಲಿಲ್ಲ. ಹೊರಗೆ ಸುಡುತ್ತಿತ್ತು, ಒಳಗೆ ಹಸಿ. ತಂಡದ ಸಾಫ್ಟ್‌ವೇರ್ ಎಂಜಿನಿಯರ್ ಇಕುಕೊ ತನಾಕಾ ಎಂಬವರು ಒಸಾಕಾದ ಒಂದು ಹೋಟೆಲಿನ ಹೆಸರಾಂತ ಬ್ರೆಡ್ ಬಾಣಸಿಗರ ಬಳಿ ಶಿಷ್ಯೆಯಾಗಿ ಸೇರಿ ಕೈಯಾರೆ ನಾದುವುದು ಕಲಿತರು. ಆ ಬಾಣಸಿಗರು ಹಿಟ್ಟನ್ನು ಬರೀ ಎಳೆಯುತ್ತಿರಲಿಲ್ಲ, ಎಳೆಯುತ್ತಾ ತಿರುಚುತ್ತಿದ್ದರು. ಅದು ಅವರಿಗೇ ಹೇಳಲು ಗೊತ್ತಿರಲಿಲ್ಲ, ಪಕ್ಕದಲ್ಲಿ ನಿಂತವರಿಗೆ ಕಂಡಿತು. ಪಾತ್ರೆಯ ಒಳಗೆ ಏಣುಗಳನ್ನು ಸೇರಿಸಿ ಯಂತ್ರಕ್ಕೂ ಆ ತಿರುಚು ಕಲಿಸಿದರು. ನೊನಾಕಾ ಮತ್ತು ತಕೆಯುಚಿ ಎಂಬ ಇಬ್ಬರು ಪ್ರಾಧ್ಯಾಪಕರು 1990ರ ದಶಕದಲ್ಲಿ ಈ ಕಥೆಯನ್ನು ಜಗತ್ತಿಗೆಲ್ಲ ಹರಡಿದರು. ಕೈಯ ತಿಳಿವಳಿಕೆ ಮಾತಿಗೆ, ಮಾತಿನದ್ದು ಮತ್ತೆ ಕೈಗೆ ದಾಟುವುದನ್ನು ತೋರಿಸಲು ಅಲ್ಲಿಂದ ಹುಟ್ಟಿದ ನಾಲ್ಕು ಚೌಕದ ಚಿತ್ರ ಇವತ್ತಿಗೂ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಸುತ್ತುತ್ತಿದೆ. ಚಿತ್ರಕ್ಕಿಂತ ಕಥೆ ಮೇಲು ಅಂತ ನನ್ನ ಅಭಿಪ್ರಾಯ. ಹೊರತೆಗೆಯಲು ಬೇಕಾದದ್ದು ಫಾರಂ ಅಲ್ಲ, ಪಕ್ಕದಲ್ಲಿ ನಿಂತು ನೋಡುವ, ತಾನೂ ಮಾಡಿ ಕೆಡಿಸುವ ಒಬ್ಬ ಮನುಷ್ಯ ಮತ್ತು ಅದಕ್ಕೆ ಬೇಕಾದ ಸಮಯ ಅನ್ನುವುದು ಕಥೆಯಲ್ಲಿ ಕಾಣುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ.

ಕಂಪನಿಗಳು ಮಾಡುವುದು ಇದರ ಉಲ್ಟಾ. ಒಬ್ಬರು ನಿವೃತ್ತರಾಗಲು ಎರಡು ವಾರ ಇರುವಾಗ ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ‘ನಿಮಗೆ ಗೊತ್ತಿರುವುದನ್ನೆಲ್ಲ ಬರೆಯಿರಿ’ ಅನ್ನುತ್ತಾರೆ. ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವರು ಏನು ಬರೆಯಬೇಕು? ಯಂತ್ರದ ಮ್ಯಾನುಯಲ್‌ನಲ್ಲಿ ಇರುವುದನ್ನೇ ಬರೆಯುತ್ತಾರೆ. ಅವರಿಗೆ ತಮಗೆ ಗೊತ್ತಿರುವುದು ಗೊತ್ತಾಗುವುದೇ ತೊಂದರೆ ಎದುರಿಗೆ ಬಂದಾಗ.

ಗೋದಾಮು ತುಂಬಿದೆ, ಗಿರಾಕಿ ಇಲ್ಲ

ಸರಿ, ಬರೆದಿಟ್ಟದ್ದಾದರೂ ಬಳಕೆಗೆ ಬರುತ್ತದಾ? ನಾಸಾ ಸಂಸ್ಥೆಗೆ ‘ಕಲಿತ ಪಾಠಗಳು’ ಅಂತಲೇ ಒಂದು ದೊಡ್ಡ ದತ್ತಸಂಚಯ ಇತ್ತು. ಫಾಗ್‌ಬ್ಯಾಂಕ್ ಲೆಕ್ಕ ಕೊಟ್ಟ ಅದೇ ಲೆಕ್ಕಪರಿಶೋಧನಾ ಕಚೇರಿ ನಾಸಾದ ಯೋಜನಾ ವ್ಯವಸ್ಥಾಪಕರನ್ನು ಸಮೀಕ್ಷೆ ಮಾಡಿ 2002ರಲ್ಲಿ ವರದಿ ಕೊಟ್ಟಿತು. ಪಾಠಗಳು ಸರಿಯಾಗಿ ಹಂಚಿಕೆ ಆಗುತ್ತಿಲ್ಲ, ಇರುವ ವ್ಯವಸ್ಥೆಯನ್ನು ಹಲವರು ಬಳಸುತ್ತಲೇ ಇಲ್ಲ ಅಂತ. ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿದವರ ಪಾಡೇ ಹೀಗಾದರೆ ಉಳಿದವರ ಮಾತು ಬಿಡಿ.

ಗುಣಮಟ್ಟದ ಮಾನದಂಡ ಐಎಸ್‌ಒ 9001 ಕೂಡ ತನ್ನ 2015ರ ಆವೃತ್ತಿಯಲ್ಲಿ ಮೊದಲ ಸಲ ಸಂಸ್ಥೆಯ ಜ್ಞಾನದ ಬಗ್ಗೆ ಒಂದು ಕಲಮು ಸೇರಿಸಿತು, ಸಂಖ್ಯೆ 7.1.6. ಕೆಲಸಕ್ಕೆ ಬೇಕಾದ ತಿಳಿವಳಿಕೆ ಯಾವುದು ಅಂತ ಗುರುತಿಸಿ, ಉಳಿಸಿಕೊಳ್ಳಿ, ಬೇಕಾದವರಿಗೆ ಸಿಗುವ ಹಾಗೆ ಮಾಡಿ ಅನ್ನುತ್ತದೆ. 2018ರಲ್ಲಿ ಇದಕ್ಕೆಂದೇ ಐಎಸ್‌ಒ 30401 ಎಂಬ ಪ್ರತ್ಯೇಕ ಮಾನದಂಡವೂ ಬಂತು. ಉದ್ದೇಶ ಒಳ್ಳೆಯದೇ. ಆದರೆ ಆಡಿಟ್ ಹತ್ತಿರ ಬಂದಾಗ ಏನಾಗುತ್ತದೆ ಅಂತ ಕಾರ್ಖಾನೆಯಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ: ಒಂದು ಫೈಲ್ ಹುಟ್ಟುತ್ತದೆ, ಆಡಿಟರ್ ನೋಡುತ್ತಾರೆ, ಟಿಕ್ ಹಾಕುತ್ತಾರೆ, ಫೈಲ್ ಬೀರುವಿಗೆ ಹೋಗುತ್ತದೆ.

ಬಳಕೆಗೆ ಬಂದ ಒಂದು ವ್ಯವಸ್ಥೆಯ ಕಥೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞ ಝೆರಾಕ್ಸ್ ಕಂಪನಿಯ ರಿಪೇರಿ ಸಿಬ್ಬಂದಿಯ ಜೊತೆ ಓಡಾಡಿ ಅವರು ಹೇಗೆ ಕೆಲಸ ಮಾಡುತ್ತಾರೆ ಅಂತ ನೋಡಿದರು. ಕಂಪನಿ ಅವರ ಕೈಗೆ ದಪ್ಪದಪ್ಪ ಮ್ಯಾನುಯಲ್ ಕೊಟ್ಟಿತ್ತು, ಈ ಎರರ್ ಬಂದರೆ ಈ ಹೆಜ್ಜೆ ಅಂತ. ಆದರೆ ಕಷ್ಟದ ರಿಪೇರಿಗಳು ಬಗೆಹರಿಯುತ್ತಿದ್ದದ್ದು ಮ್ಯಾನುಯಲ್‌ನಿಂದ ಅಲ್ಲ. ಊಟಕ್ಕೆ ಕೂತಾಗ ಒಬ್ಬರು ‘ಆ ಮಷೀನು ಹೀಗೆ ಆಟ ಆಡಿಸಿತು, ಕೊನೆಗೆ ನೋಡಿದರೆ ಇದು’ ಅಂತ ಹೇಳುವ ಕಥೆಗಳಿಂದ. ಹೊರಗಿನಿಂದ ನೋಡುವ ಮ್ಯಾನೇಜರ್‌ಗೆ ಅದು ಹರಟೆ. ಒಳಗಿನವರಿಗೆ ಅದೇ ಪಾಠಶಾಲೆ.

ಈ ತಿಳಿವಳಿಕೆಯ ಮೇಲೆ ಝೆರಾಕ್ಸ್ 1990ರ ದಶಕದಲ್ಲಿ ಯುರೇಕಾ ಎಂಬ ವ್ಯವಸ್ಥೆ ಕಟ್ಟಿತು, ಮೊದಲು ಜಾರಿಗೆ ಬಂದದ್ದು ಫ್ರಾನ್ಸ್‌ನಲ್ಲಿ. ರಿಪೇರಿಯವರೇ ಸಣ್ಣ ಸಣ್ಣ ಸುಳಿವು ಬರೆಯುತ್ತಾರೆ: ಲಕ್ಷಣ ಏನು, ಕಾರಣ ಏನು, ಏನು ಮಾಡಿದರೆ ಹೋಗುತ್ತದೆ. ಅದನ್ನು ಪರಿಶೀಲಿಸುವವರು ಕಚೇರಿಯ ಮೇಲಧಿಕಾರಿಗಳಲ್ಲ, ಅದೇ ಕೆಲಸದಲ್ಲಿ ಪಳಗಿದ ಇತರ ರಿಪೇರಿಯವರು. ಸರಿ ಅನಿಸಿದರೆ ಎಲ್ಲರಿಗೂ ಹೋಗುತ್ತದೆ. ಸುಳಿವಿಗೆ ಇಷ್ಟು ದುಡ್ಡು ಅಂತ ಕೊಡುವ ಮಾತು ಬಂದಾಗ ಬೇಡ ಅಂದವರು ರಿಪೇರಿಯವರೇ. ದುಡ್ಡು ಇಟ್ಟರೆ ಎಣಿಕೆ ಹೆಚ್ಚುತ್ತದೆ, ಗುಣ ಇಳಿಯುತ್ತದೆ ಅನ್ನುವುದು ಅವರ ಲೆಕ್ಕ. ಅವರಿಗೆ ಬೇಕಿದ್ದದ್ದು ಸುಳಿವಿನ ಜೊತೆ ಬರೆದವರ ಹೆಸರು. ಸಾವಿರಾರು ಜನ ಸಹೋದ್ಯೋಗಿಗಳು ತನ್ನ ಹೆಸರು ನೋಡುತ್ತಾರೆ ಅಂದರೆ ಯಾರೂ ಸುಮ್ನೆ ಏನೋ ಗೀಚಿ ಕಳಿಸುವುದಿಲ್ಲ. ತಿಂಗಳಿಗೆ ಇಷ್ಟು ಸಲಹೆ ಕೊಡಲೇಬೇಕು ಅಂತ ಟಾರ್ಗೆಟ್ ಇಟ್ಟು, ‘ನೀರು ಕುಡಿಯುವ ಜಾಗದಲ್ಲಿ ಬೋರ್ಡ್ ಹಾಕಿ’ ಎಂಬಂಥ ಸಲಹೆಗಳ ರಾಶಿ ಪಡೆದ ಕಾರ್ಖಾನೆಗಳು ಇದನ್ನು ಒಮ್ಮೆ ಯೋಚಿಸಬಹುದು.

ಇನ್ನೊಂದು ಸಂಗತಿ, ಯಾರೂ ಸಭೆಯಲ್ಲಿ ಬಾಯಿಬಿಟ್ಟು ಹೇಳದ್ದು. ಜನ ಗೊತ್ತಿರುವುದನ್ನು ಹೇಳದೆ ಇರುವುದಕ್ಕೆ ಒಳ್ಳೆಯ ಕಾರಣಗಳೇ ಇರುತ್ತವೆ. ಆ ಯಂತ್ರದ ಗುಟ್ಟು ಗೊತ್ತಿರುವುದರಿಂದಲೇ ತನ್ನ ಕೆಲಸ ಉಳಿದಿದೆ ಅಂತ ಒಬ್ಬ ಕಾರ್ಮಿಕ ನಂಬಿದ್ದರೆ, ಆ ನಂಬಿಕೆ ತಪ್ಪು ಅಂತ ಕಂಪನಿ ಎಂದಾದರೂ ತೋರಿಸಿದೆಯಾ? ತಪ್ಪು ಒಪ್ಪಿಕೊಂಡವರಿಗೆ ಮೆಮೊ ಕೊಡುವ ಕಡೆ ಯಾರು ತಪ್ಪಿನಿಂದ ಕಲಿತ ಪಾಠ ಬರೆಯುತ್ತಾರೆ? ಹಾಳೆಯಲ್ಲಿ ಇರುವ ಸೆಟ್ಟಿಂಗ್ ಒಂದು, ನಿಜವಾಗಿ ಯಂತ್ರ ಓಡುತ್ತಿರುವ ಸೆಟ್ಟಿಂಗ್ ಇನ್ನೊಂದು ಅನ್ನುವುದು ಶಿಫ್ಟಿನಲ್ಲಿ ಎಲ್ಲರಿಗೂ ಗೊತ್ತು. ಹೇಳಿದರೆ ‘ಎಸ್‌ಒಪಿ (ಕೆಲಸದ ಲಿಖಿತ ವಿಧಾನ) ಯಾಕೆ ಮೀರಿದೆ’ ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ಹೇಳುವುದಿಲ್ಲ. ಆಡಿಟ್ ದಿನ ಹಾಳೆಯ ಸೆಟ್ಟಿಂಗ್, ಮರುದಿನ ನಿಜವಾದ ಸೆಟ್ಟಿಂಗ್. ಈ ಪರಿಸ್ಥಿತಿಯಲ್ಲಿ ಎಂಥ ಸಾಫ್ಟ್‌ವೇರ್ ತಂದರೂ ಅದರೊಳಗೆ ಹೋಗುವುದು ಆಡಿಟ್ ದಿನದ ಸುಳ್ಳೇ.

ಮೂರನೆಯ ಕಾಲಂ

ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗೋಣ. ಅಮೆರಿಕದ ಕಾರ್ಖಾನೆಗಳಿಂದ ಅನುಭವಿಗಳು ಸೈನ್ಯಕ್ಕೆ ಹೋಗುತ್ತಿದ್ದರು, ಯಂತ್ರ ನೋಡಿಯೇ ಇರದವರು ಒಳಗೆ ಬರುತ್ತಿದ್ದರು. 1940ರಿಂದ 1945ರವರೆಗೆ ಟಿಡಬ್ಲ್ಯುಐ (ಟ್ರೈನಿಂಗ್ ವಿದಿನ್ ಇಂಡಸ್ಟ್ರಿ, ಅಂದರೆ ಉದ್ಯಮದ ಒಳಗೇ ತರಬೇತಿ) ಎಂಬ ಕಾರ್ಯಕ್ರಮ ನಡೆಯಿತು. 16,000ಕ್ಕೂ ಹೆಚ್ಚು ಕಾರ್ಖಾನೆಗಳು, 16 ಲಕ್ಷಕ್ಕೂ ಹೆಚ್ಚು ಜನ. ಅದರಲ್ಲಿ ಸೂಪರ್‌ವೈಸರ್‌ಗಳಿಗೆ ಕೆಲಸ ಕಲಿಸುವುದು ಹೇಗೆ ಅಂತ ಕಲಿಸುತ್ತಿದ್ದರು. ಅವರ ಒಂದು ಮಾತು ಈಗಲೂ ಓಡಾಡುತ್ತದೆ: ಕೆಲಸಗಾರ ಕಲಿತಿಲ್ಲ ಅಂದರೆ ಕಲಿಸುವವನು ಕಲಿಸಿಲ್ಲ. ಯುದ್ಧ ಮುಗಿದ ಮೇಲೆ ಅಮೆರಿಕ ಇದನ್ನು ಹೆಚ್ಚುಕಡಿಮೆ ಮರೆತೇಬಿಟ್ಟಿತು. ಜಪಾನಿಗೆ ಹೋದ ಅದೇ ಕಾರ್ಯಕ್ರಮ 1950ರ ದಶಕದಲ್ಲಿ ಟೊಯೊಟಾದೊಳಗೆ ಬೇರುಬಿಟ್ಟಿತು.

ಟೊಯೊಟಾ ಕೆಲಸ ಕಲಿಸಲು ಬಳಸುವ ಹಾಳೆಯಲ್ಲಿ ಮೂರು ಕಾಲಂ ಇರುತ್ತವೆ. ಮುಖ್ಯ ಹೆಜ್ಜೆ ಯಾವುದು, ಅದರಲ್ಲಿ ಜೋಪಾನ ಮಾಡಬೇಕಾದ ಸೂಕ್ಷ್ಮ ಯಾವುದು, ಆ ಸೂಕ್ಷ್ಮ ಯಾಕೆ. ಸಾಮಾನ್ಯ ಎಸ್‌ಒಪಿಗಳಲ್ಲಿ ಮೊದಲನೆಯದು ಉದ್ದುದ್ದ ಇರುತ್ತದೆ, ಎರಡನೆಯದು ಅಲ್ಲಲ್ಲಿ, ಮೂರನೆಯದು ಇಲ್ಲವೇ ಇಲ್ಲ.

ಮೂರನೆಯ ಕಾಲಂ ಎಷ್ಟು ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಪ್ಲಾಸ್ಟಿಕ್ ಮೋಲ್ಡಿಂಗ್‌ನಲ್ಲಿ ನೈಲಾನ್ ಹರಳುಗಳನ್ನು ಯಂತ್ರಕ್ಕೆ ಹಾಕುವ ಮೊದಲು ಒಣಗಿಸಬೇಕು. ಹಾಳೆಯಲ್ಲಿ ಬರೀ ‘ಇಷ್ಟು ಗಂಟೆ ಒಣಗಿಸಿ’ ಅಂತ ಇದೆ ಅಂದುಕೊಳ್ಳಿ. ಟಾರ್ಗೆಟ್ ಒತ್ತಡ ಇದ್ದ ದಿನ ಆಪರೇಟರ್ ಅದರಲ್ಲಿ ಒಂದು ಗಂಟೆ ಕತ್ತರಿಸುತ್ತಾನೆ, ಏನೂ ಆಗುವುದಿಲ್ಲ. ಇನ್ನೊಂದು ದಿನ ಕತ್ತರಿಸುತ್ತಾನೆ, ಪೀಸ್‌ಗಳ ಮೇಲೆ ಬೆಳ್ಳಿ ಗೆರೆಗಳು ಏಳುತ್ತವೆ, ಇಡೀ ಬ್ಯಾಚ್ ರಿಜೆಕ್ಟ್. ನೈಲಾನ್ ಗಾಳಿಯ ತೇವ ಹೀರುತ್ತದೆ, ಆ ತೇವ ಬಿಸಿಯಲ್ಲಿ ಆವಿಯಾಗಿ ಪೀಸ್ ಕೆಡಿಸುತ್ತದೆ ಅಂತ ಅವನಿಗೆ ಗೊತ್ತಿದ್ದರೆ? ಚೀಲ ಒಡೆದು ಬಹಳ ಹೊತ್ತು ತೆರೆದಿಟ್ಟ ದಿನ, ಹೊರಗೆ ಮಳೆ ಹಿಡಿದ ದಿನ, ಯಾರೂ ಹೇಳದೆಯೇ ಅವನು ಹುಷಾರಾಗುತ್ತಾನೆ. ಹಾಳೆಯಲ್ಲಿ ಬರೆಯದ ಸಂದರ್ಭಕ್ಕೂ ಅವನ ಹತ್ತಿರ ಉತ್ತರ ಇರುತ್ತದೆ. ಹೆಜ್ಜೆ ಮಾತ್ರ ಗೊತ್ತಿರುವವರು ಬರೆದಿಟ್ಟ ಸಂದರ್ಭಗಳಲ್ಲಿ ಮಾತ್ರ ಸರಿ.

ಕಾರಣಕ್ಕೆ ಇನ್ನೊಂದು ಉಪಯೋಗ ಇದೆ, ಇದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನಿಯಮ ತೆಗೆದುಹಾಕಲು ಬೇಕಾಗುವುದೂ ಅದೇ. ಯಾವುದೋ ಕಾಲದಲ್ಲಿ ಒಬ್ಬ ಸರಬರಾಜುದಾರನ ಮಾಲು ಕೆಟ್ಟದಾಗಿ ಬಂತು ಅಂತ ನೂರಕ್ಕೆ ನೂರು ತಪಾಸಣೆ ಶುರು ಮಾಡಿರುತ್ತಾರೆ. ಆ ಸರಬರಾಜುದಾರ ಹೋಗಿ ವರ್ಷಗಳಾದರೂ ತಪಾಸಣೆ ನಡೆಯುತ್ತಲೇ ಇರುತ್ತದೆ. ಯಾಕೆ ಶುರುವಾಯಿತು ಅಂತ ಗೊತ್ತಿಲ್ಲದ ಕಾರಣ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲ. ಹಳೆಯ ಕಾರ್ಖಾನೆಗಳಲ್ಲಿ ಇಂಥ ಸತ್ತ ನಿಯಮಗಳಿಗೆ ಎಷ್ಟು ಸಂಬಳ ಹೋಗುತ್ತಿದೆಯೋ! ಮತ್ತೊಂದು ಕಡೆ ಧೈರ್ಯ ಮಾಡಿ ತೆಗೆದವರು ಜೀವಂತ ನಿಯಮವನ್ನೇ ತೆಗೆದುಬಿಡುತ್ತಾರೆ, ಫಾಗ್‌ಬ್ಯಾಂಕ್‌ನ ಕಲ್ಮಶ ಹೋದ ಹಾಗೆ.

ಒಂದು ಕಡೆಯ ಕೆಲಸವನ್ನು ಇನ್ನೊಂದು ಕಡೆಗೆ ಒಯ್ಯುವಾಗಲೂ ಇದೇ ಗೋಳು. ಜನರಲ್ ಮೋಟರ್ಸ್ 1982ರಲ್ಲಿ ಮುಚ್ಚಿದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಕಾರು ಕಾರ್ಖಾನೆಯನ್ನು ಟೊಯೊಟಾ ಜೊತೆ ಸೇರಿ 1984ರಲ್ಲಿ ನುಮ್ಮಿ ಎಂಬ ಹೆಸರಲ್ಲಿ ಮತ್ತೆ ತೆರೆಯಿತು. ಬಹುಪಾಲು ಹಳೆಯ ಕಾರ್ಮಿಕರೇ. ಗುಣಮಟ್ಟ ಮಾತ್ರ ಬೇಗನೆ ಪೂರ್ತಿ ಬದಲಾಯಿತು. ಜನರಲ್ ಮೋಟರ್ಸ್‌ನವರು ಬಂದು ನೋಡಿದರು, ಕಲಿತರು, ತಮ್ಮ ಇತರ ಕಾರ್ಖಾನೆಗಳಲ್ಲಿ ಅದನ್ನೇ ಮಾಡಲು ಹೊರಟು ಬಹಳ ವರ್ಷ ಒದ್ದಾಡಿದರು. ಟೊಯೊಟಾ ಪದ್ಧತಿಯಲ್ಲಿ ತೊಂದರೆ ಕಂಡ ಕಾರ್ಮಿಕ ಎಳೆದು ಲೈನ್ ನಿಲ್ಲಿಸಲು ಒಂದು ಹಗ್ಗ ಇರುತ್ತದೆ. ಆ ಹಗ್ಗ ಕಟ್ಟುವುದು ಸುಲಭ. ಹಗ್ಗ ಎಳೆದ ಕಾರ್ಮಿಕನಿಗೆ ಬೈಯದೆ ‘ಏನಾಯಿತು’ ಅಂತ ಓಡಿ ಬರುವ ಮೇಲಿನವರು ಇಲ್ಲದ ಕಡೆ ಹಗ್ಗ ಬರೀ ಹಗ್ಗ. ಇಂಟೆಲ್ ಇದಕ್ಕೆ ಬೇರೆಯೇ ದಾರಿ ಹಿಡಿಯಿತು. ಒಂದು ಚಿಪ್ ಕಾರ್ಖಾನೆಯಲ್ಲಿ ಕೂತ ವಿಧಾನವನ್ನು ಇನ್ನೊಂದರಲ್ಲಿ ಕೂದಲೆಳೆ ವ್ಯತ್ಯಾಸವಿಲ್ಲದೆ ನಕಲು ಮಾಡುವುದು, ಬದಲಾವಣೆ ಮಾಡಬೇಕಾದರೆ ಎಲ್ಲ ಕಡೆ ಒಟ್ಟಿಗೆ. ಯಾವುದು ಮುಖ್ಯ, ಯಾವುದು ಅಲ್ಲ ಅಂತ ಪೂರ್ತಿ ಗೊತ್ತಿಲ್ಲ ಅಂದಮೇಲೆ ಏನನ್ನೂ ಮುಟ್ಟಬೇಡಿ ಅನ್ನುವ ವಿನಯ ಅದು. ದುಬಾರಿ ವಿನಯ, ಆದರೆ ಪ್ರಾಮಾಣಿಕ.

ಎಐ ಬಂದರೆ?

ಈಗ ಆ ಮಾರಾಟಗಾರರ ಮಾತಿಗೆ ಬರೋಣ. ಇವತ್ತಿನ ಎಐ ಸಹಾಯಕಗಳು ಕೆಲಸ ಮಾಡುವುದು ಸರಳವಾಗಿ ಹೇಳುವುದಾದರೆ ಹೀಗೆ: ಮ್ಯಾನುಯಲ್, ಡ್ರಾಯಿಂಗ್, ಹಳೆಯ ಬ್ರೇಕ್‌ಡೌನ್ ದಾಖಲೆ ಎಲ್ಲವನ್ನೂ ಚೂರುಮಾಡಿ ಇಟ್ಟುಕೊಳ್ಳುತ್ತದೆ. ನೀವು ಪ್ರಶ್ನೆ ಕೇಳಿದಾಗ ಹತ್ತಿರದ ಚೂರುಗಳನ್ನು ಹೆಕ್ಕಿ ಓದಬಲ್ಲ ಉತ್ತರವಾಗಿ ಹೊಲಿದು ಕೊಡುತ್ತದೆ. ಹುಡುಕುವ ಕೆಲಸದಲ್ಲಿ ಇದು ನಿಜಕ್ಕೂ ಒಳ್ಳೆಯದು. ಎಂಟುನೂರು ಪುಟದ ಮ್ಯಾನುಯಲ್‌ನಲ್ಲಿ ಒಂದು ಅಲಾರಂ ಕೋಡ್ ಹುಡುಕುವ ಕಷ್ಟ ಪಟ್ಟವರು ಇದನ್ನು ಹೀಗಳೆಯುವುದಿಲ್ಲ. ಬರೆಯಲು ಹಿಂಜರಿಯುವ ಫಿಟ್ಟರ್ ತನ್ನ ಭಾಷೆಯಲ್ಲಿ ಫೋನಿಗೆ ಹೇಳಿದ್ದನ್ನು ಬರಹಕ್ಕೆ ಇಳಿಸಿಕೊಡುವುದಂತೂ ದೊಡ್ಡ ಉಪಕಾರ. ನನ್ನನ್ನು ಕೇಳಿದರೆ ಇದರ ಅತ್ಯುತ್ತಮ ಬಳಕೆ ಉತ್ತರ ಕೊಡುವುದರಲ್ಲಿ ಅಲ್ಲ, ಪ್ರಶ್ನೆ ಕೇಳುವುದರಲ್ಲಿ ಇದೆ: ರಿಪೇರಿ ಮುಗಿದ ಕೂಡಲೇ, ಕೈಯ ಗ್ರೀಸ್ ಒರೆಸಿಕೊಳ್ಳುವ ಮುಂಚೆ, ‘ಮೊದಲು ಏನನ್ನು ಅನುಮಾನಿಸಿದಿರಿ, ಅದಲ್ಲ ಅಂತ ಹೇಗೆ ಗೊತ್ತಾಯಿತು’ ಅಂತ ಎರಡು ಪ್ರಶ್ನೆ.

ಆದರೆ ‘ಅಟೆಂಡ್ ಮಾಡಲಾಗಿದೆ, ಓಕೆ’ ಅನ್ನುವ ಹತ್ತು ಸಾವಿರ ಸಾಲುಗಳನ್ನು ತುಂಬಿದರೆ ಅದು ಏನು ತಾನೇ ಹೇಳೀತು? ಕಾರಣ ಬರೆಯದೇ ಇದ್ದರೂ ನೋಡಲು ಸರಿಯಾದ ಕಾರಣದ ಹಾಗೆ ಕಾಣುವ ಒಂದನ್ನು ಕಟ್ಟಿ ಕೊಡುವ ಅಪಾಯ ಇದರಲ್ಲಿ ಇದೆ. ಹೊಸಬನಿಗೆ ಅದು ನಿಜವೋ ಅಲ್ಲವೋ ತಿಳಿಯುವುದಿಲ್ಲ. ತಿಳಿಯುತ್ತಿದ್ದ ಹಳಬರು ನಿವೃತ್ತರಾಗಿರುತ್ತಾರೆ. ಒತ್ತಡದಲ್ಲಿರುವ ಪೈಪು, ಕರೆಂಟು, ಪ್ರೆಸ್ ಇರುವ ಕಡೆ ಇಂಥ ಉತ್ತರಕ್ಕೆ ಬೆರಳು ತೆರಬೇಕಾಗಬಹುದು. ಹಾಗಾಗಿ ಕೊನೆಯ ಪಕ್ಷ ಉತ್ತರದ ಜೊತೆ ಅದು ಯಾವ ದಾಖಲೆಯಿಂದ ಬಂತು, ಬರೆದವರು ಯಾರು, ಯಾವಾಗ ಅನ್ನುವುದು ಕಾಣಲೇಬೇಕು. ಝೆರಾಕ್ಸ್‌ನವರು ಹೆಸರು ಕೇಳಿದ್ದು ಇಲ್ಲೂ ಕೆಲಸಕ್ಕೆ ಬರುತ್ತದೆ.

ಇದೆಲ್ಲದರಿಂದ ಲಾಭ ಆಗುತ್ತಿದೆಯಾ ಅಂತ ತಿಳಿಯುವುದು ಹೇಗೆ? ಎಷ್ಟು ದಾಖಲೆ ಅಪ್‌ಲೋಡ್ ಆಯಿತು, ಎಷ್ಟು ಜನ ಲಾಗಿನ್ ಆದರು ಅಂತ ಎಣಿಸುವುದು ದಂಡ. ಬೇರೆಯವು ನೋಡಿ. ಒಮ್ಮೆ ಕಾರಣ ಸಿಕ್ಕಿದ ಬ್ರೇಕ್‌ಡೌನ್ ಎಷ್ಟು ಸಲ ಮತ್ತೆ ಬಂತು. ಹೊಸ ಆಪರೇಟರ್ ಜೊತೆಗಾರರಿಲ್ಲದೆ ಒಬ್ಬನೇ ಲೈನ್ ನಡೆಸಲು ಎಷ್ಟು ವಾರ ಬೇಕಾಯಿತು. ಮಾಡೆಲ್ ಬದಲಾದ ಮೇಲೆ ಮೊದಲ ಒಳ್ಳೆಯ ಪೀಸ್ ಬರುವವರೆಗೆ ಎಷ್ಟು ಸ್ಕ್ರ್ಯಾಪ್. ಈ ಅಂಕಿಗಳು ಬಹಳ ಕಾರ್ಖಾನೆಗಳಲ್ಲಿ ಈಗಾಗಲೇ ಎಲ್ಲೋ ದಾಖಲಾಗಿರುತ್ತವೆ, ಯಾರೂ ಅವುಗಳನ್ನು ತಿಳಿವಳಿಕೆಯ ಅಂಕಿಗಳು ಅಂತ ಓದುವುದಿಲ್ಲ ಅಷ್ಟೇ.

ಶುರು ಮಾಡಲು ಬಜೆಟ್ ಬೇಡ. ರಿಜೆಕ್ಷನ್ ಜಾಸ್ತಿ ಇರುವ ಒಂದು ಯಂತ್ರದ ಸೆಟ್ಟಿಂಗ್ ಹಾಳೆ ತೆಗೆದುಕೊಂಡು, ಅದನ್ನು ಅತಿ ಹೆಚ್ಚು ವರ್ಷ ನಡೆಸಿದವರ ಪಕ್ಕ ನಿಂತು, ಪ್ರತಿ ಅಂಕಿಯ ಮುಂದೆ ‘ಇದು ಯಾಕೆ ಇಷ್ಟು’ ಅಂತ ಕೇಳುತ್ತಾ ಹೋಗಿ. ಕೆಲವಕ್ಕೆ ಥಟ್ಟನೆ ಉತ್ತರ ಬರುತ್ತದೆ, ಬರೆದುಕೊಳ್ಳಿ. ಕೆಲವಕ್ಕೆ ನಗುತ್ತಾ ‘ಹಾಳೆಯಲ್ಲಿ ಹಾಗಿದೆ, ನಾವು ಇಡೋದು ಬೇರೆ’ ಅನ್ನುತ್ತಾರೆ, ಅದನ್ನೂ ಬರೆದುಕೊಳ್ಳಿ, ಮೆಮೊ ಮಾತ್ರ ಕೊಡಬೇಡಿ. ಇನ್ನು ಕೆಲವಕ್ಕೆ ‘ಮೊದಲಿಂದಲೂ ಹಾಗೇ’ ಅನ್ನುವ ಉತ್ತರ ಬರುತ್ತದೆ. ಆ ಸಾಲುಗಳಿಗೆ ಕೆಂಪು ಗುರುತು ಹಾಕಿ, ಮುಂದಿನ ಟ್ರಯಲ್‌ಗಳನ್ನು ಅಲ್ಲಿಂದ ಶುರು ಮಾಡಿ.